ಪಂಜರದೊಳಗೆ ಹೋಗಿ ಕುಳಿತ ಮೈಕೆಲ್ ಫ್ಯಾರಡೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಹಳೆಯ ದಿನಗಳ ನೆನಪು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಹತ್ತೊಂಬತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಾದ ನಾನು ಇನ್ನೊಂದು ಪಾಠವನ್ನೇ ಮಾಡುತ್ತೇನೆ ಎಂದೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಅದು ಯಾರ ಪಾಠವೆಂದು ಊಹಿಸುವುದು ಕಷ್ಟವಾಗಲಾರದು. ಪ್ರಯೋಗಾಲಯದ ಗೋಡೆಯ ಮೇಲೆ, ನ್ಯೂಟನ್ನನ ಪಕ್ಕದಲ್ಲಿ, ನಡುಬೈತಲೆ ತೆಗೆದು ಗುಂಗುರುಗೂದಲು ಇಳಿಬಿಟ್ಟ ಒಬ್ಬನ ಪಟ ಇತ್ತಲ್ಲ, ಅವನದೇ. ಮೈಕೆಲ್ ಫ್ಯಾರಡೆ. ಎಷ್ಟೋ ವರ್ಷಗಳ ಸಲುಗೆಯಿಂದ ಏಕವಚನದಲ್ಲೇ ಬರೆಯುತ್ತೇನೆ, ಓದುಗರು ತಪ್ಪು ತಿಳಿಯಬಾರದು.

ಪಠ್ಯಪುಸ್ತಕದಲ್ಲಿ ಅವನಿಗೆ ಸಿಗುವುದು ಅರ್ಧ ಪುಟ. ಒಂದು ಸುರುಳಿ, ಒಂದು ಅಯಸ್ಕಾಂತ, 1831 ಎಂಬ ಇಸವಿ, ಡೈನಮೋ. ಅದೇನೂ ಸಣ್ಣ ಸಂಗತಿಯಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರು ತಿರುಗಿಸಿದ ಯಂತ್ರಗಳು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದು ಆ ಸುರುಳಿ ಮತ್ತು ಅಯಸ್ಕಾಂತದ ತತ್ತ್ವದಿಂದಲೇ. ಆದರೆ ನನಗೆ ಅವನ ಇನ್ನೊಂದು ಕೆಲಸ ಹೆಚ್ಚು ಪ್ರಿಯ. ಲೋಹದಂಥ ವಾಹಕಕ್ಕೆ ವಿದ್ಯುದಾವೇಶ ಕೊಟ್ಟರೆ ಅದು ಎಲ್ಲಿ ನಿಲ್ಲುತ್ತದೆ, ಒಳಗೋ ಹೊರಗೋ ಎಂಬ ಪ್ರಶ್ನೆಯನ್ನು ಅವನು ಬಿಡಿಸಿದ ರೀತಿ. ಅದನ್ನು ಹೇಳುವ ಮೊದಲು ಅವನು ಎಲ್ಲಿಂದ ಬಂದ ಎಂಬುದನ್ನು ಹೇಳಬೇಕು.

ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಆಗ ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ. ಕುಲುಮೆ ಊದಿ ಸುತ್ತಿಗೆ ಬೀಸುವ ಕೆಲಸ, ಆದರೆ ಮೈಯಲ್ಲಿ ಆರೋಗ್ಯವಿಲ್ಲ. ಕೆಲಸಕ್ಕೆ ಹೋಗುವ ದಿನಕ್ಕಿಂತ ಮಲಗಿದ ದಿನವೇ ಹೆಚ್ಚಾದರೆ ನಾಲ್ಕು ಮಕ್ಕಳ ಸಂಸಾರ ಹೇಗೆ ನಡೆದೀತು? 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಒಂಬತ್ತು ವರ್ಷದ ಮೈಕೆಲ್‌ಗೆ ಮನೆಯಲ್ಲಿ ವಾರಕ್ಕೆ ಒಂದು ರೊಟ್ಟಿ ಕೊಡುತ್ತಿದ್ದರಂತೆ. ಅದನ್ನೇ ಅವನು ಏಳು ದಿನಕ್ಕೆ ಹಂಚಿಕೊಳ್ಳಬೇಕು. ಶಾಲೆ ಎಂದರೆ ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೇ. ಬೀಜಗಣಿತದ ಮುಖವನ್ನೇ ಕಾಣಲಿಲ್ಲ. ಈ ಮಾತನ್ನು ಓದುಗರು ಗುರುತಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹದಿಮೂರರ ವಯಸ್ಸಿಗೆ ಜಾರ್ಜ್ ರೀಬೊ ಎಂಬವನ ಪುಸ್ತಕದಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಮರುವರ್ಷ, 1805ರಲ್ಲಿ, ಅಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು ಕಲಿಯಲು ಏಳು ವರ್ಷದ ಕರಾರು ಆಯಿತು. ಇಂಥ ಕರಾರಿಗೆ ಹುಡುಗನ ಮನೆಯವರೇ ಹಣ ಕೊಡುವುದು ಅಲ್ಲಿನ ವಾಡಿಕೆ. ಹುಡುಗನ ನಡತೆ ನೋಡಿ ರೀಬೊ ಅದನ್ನು ಬಿಟ್ಟುಬಿಟ್ಟ. ಜಗತ್ತಿನ ವಿಜ್ಞಾನಕ್ಕೆ ಆ ಅಂಗಡಿಯವನು ಮಾಡಿದ ಉಪಕಾರ ದೊಡ್ಡದು. ಹೊಲಿಗೆ ಹಾಕಲು ಬಂದ ಪುಸ್ತಕಗಳನ್ನು ಹುಡುಗ ಓದುತ್ತ ಕೂತರೂ ಅವನು ಗದರಲಿಲ್ಲ. ಬ್ರಿಟಾನಿಕಾ ವಿಶ್ವಕೋಶದ ಸಂಪುಟವೊಂದರಲ್ಲಿ ವಿದ್ಯುತ್ತಿನ ಮೇಲಿದ್ದ ದೀರ್ಘ ಲೇಖನ ಫ್ಯಾರಡೆಯ ಕೈಗೆ ಸಿಕ್ಕಿದ್ದು ಹೀಗೆ. ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಹಾಗೆಯೇ ಸಿಕ್ಕಿತು. ಓದಿದ್ದನ್ನು ಕೈಯಾರೆ ಮಾಡಿ ನೋಡದೆ ನಂಬುವ ಜಾತಿಯವನಲ್ಲ ಅವನು. ಪುಡಿಗಾಸು ಉಳಿಸಿ ಗಾಜಿನ ಸೀಸೆ ಕೊಂಡು, ಉಜ್ಜಿದರೆ ಕಿಡಿ ಹಾರುವ ಸಣ್ಣ ಯಂತ್ರವನ್ನು ತಾನೇ ಕಟ್ಟಿಕೊಂಡ.

1810ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಸಂಜೆಯ ವಿಜ್ಞಾನ ಉಪನ್ಯಾಸಗಳಿಗೆ ಹೋಗತೊಡಗಿದ. ಒಂದು ಉಪನ್ಯಾಸಕ್ಕೆ ಒಂದು ಶಿಲಿಂಗ್. ಅದನ್ನು ಕೊಟ್ಟವನು ಅಣ್ಣ ರಾಬರ್ಟ್, ಅವನೂ ಕಮ್ಮಾರನೇ. ತಮ್ಮನ ಓದಿಗೆ ಅಣ್ಣ ದುಡಿದು ಹಣ ಕೊಡುವ ಕಥೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನರ ಮನೆಯದು ಎಂದು ನಾನು ಇಲ್ಲಿ ಪಟ್ಟಿ ಮಾಡಹೋಗುವುದಿಲ್ಲ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಚೀಟಿ ಕೊಡಿಸಿದರು. ಡೇವಿ ಆಗ ಇಂಗ್ಲೆಂಡಿನ ಹೆಸರಾಂತ ರಸಾಯನಶಾಸ್ತ್ರಜ್ಞ. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ಸುಮಾರು ಮುನ್ನೂರು ಪುಟಗಳ ಪುಸ್ತಕ ಮಾಡಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಕಲಿತ ಕಸುಬು ಎಲ್ಲಿ ಕೈ ಹಿಡಿಯಿತು ನೋಡಿ! 1813ರ ಮಾರ್ಚ್ 1ರಂದು ಡೇವಿಯ ಪ್ರಯೋಗಾಲಯದಲ್ಲಿ ಸಹಾಯಕನಾದ. ವಾರಕ್ಕೆ 25 ಶಿಲಿಂಗ್ ಸಂಬಳ, ಕಟ್ಟಡದ ಮೇಲಟ್ಟದಲ್ಲಿ ಎರಡು ಕೋಣೆ, ಉರಿಸಲು ಸೌದೆ ಮತ್ತು ಮೇಣದ ಬತ್ತಿ. ಆ ಸಂಸ್ಥೆಯೇ ಮುಂದಿನ ನಲವತ್ತೈದು ವರ್ಷ ಅವನ ಮನೆಯೂ ಆಯಿತು, ಬದುಕೂ ಆಯಿತು.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಡೇವಿ ದಂಪತಿಯ ಜೊತೆ ಯುರೋಪು ಸುತ್ತಿದ, ಅಲ್ಲಿ ಡೇವಿಯ ಹೆಂಡತಿ ಅವನನ್ನು ಆಳಿನಂತೆ ನಡೆಸಿಕೊಂಡಳು. 1821ರಲ್ಲಿ ಸಾರಾ ಬರ್ನಾರ್ಡ್‌ಳನ್ನು ಮದುವೆಯಾದ, ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದ. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಲು ಹೊರಟಾಗ ವಿರೋಧಿಸಿದವನು ಸ್ವತಃ ಗುರು ಡೇವಿ. ಶಿಷ್ಯ ತನ್ನನ್ನು ಮೀರಿದಾಗ ಸಂತೋಷಪಡುವುದು ಎಲ್ಲ ಗುರುಗಳಿಗೂ ಬರುವ ವಿದ್ಯೆಯಲ್ಲ. ಫ್ಯಾರಡೆ ಸದಸ್ಯನಾದ, ಗುರುವಿನ ಬಗ್ಗೆ ಕೊನೆಯವರೆಗೂ ಗೌರವದಿಂದಲೇ ಇದ್ದ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ. ಆಮೇಲೆ ವಿದ್ಯುದ್ವಿಭಜನೆಯ ನಿಯಮಗಳು. ಇಷ್ಟೇ ಮಾಡಿ ನಿಲ್ಲಿಸಿದ್ದರೂ ಹೆಸರು ಉಳಿಯುತ್ತಿತ್ತು.

1835ರ ಹೊತ್ತಿಗೆ ಅವನನ್ನು ಕಾಡುತ್ತಿದ್ದದ್ದು ಬೇರೆ. ಆವೇಶ ಎಂದರೆ ಏನು? ಕೊಡಕ್ಕೆ ನೀರು ತುಂಬಿದಂತೆ ಒಂದು ವಸ್ತುವಿಗೆ ಒಂದೇ ಬಗೆಯ ಆವೇಶವನ್ನು, ಧನವನ್ನೋ ಋಣವನ್ನೋ, ಹೊರಗಿನ ಯಾವುದರ ಹಂಗೂ ಇಲ್ಲದೆ ತುಂಬಬಹುದೇ? ಅಥವಾ ಇಲ್ಲಿ ಧನ ಇದ್ದರೆ ಎಲ್ಲೋ ಅದಕ್ಕೆ ಎದುರಾಗಿ ಅಷ್ಟೇ ಋಣ ಇರಲೇಬೇಕೇ?

ಹಿಂದಿನವರು ಕೆಲವು ಸುಳಿವು ಕೊಟ್ಟಿದ್ದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಬೆಳ್ಳಿಯ ಪಾತ್ರೆಗೆ ಆವೇಶ ಕೊಟ್ಟು, ದಾರಕ್ಕೆ ಕಟ್ಟಿದ ಬೆಂಡಿನ ಗುಂಡನ್ನು ಒಳಗೆ ಇಳಿಬಿಟ್ಟಾಗ ಪಾತ್ರೆಯ ಒಳಗೋಡೆ ಅದನ್ನು ಸೆಳೆಯದೆ ಸುಮ್ಮನಿದ್ದದ್ದನ್ನು ಕಂಡಿದ್ದ. ಹೊರಗೆ ಹಿಡಿದರೆ ಸೆಳೆತ, ಒಳಗೆ ಇಲ್ಲ. ಹೆನ್ರಿ ಕ್ಯಾವೆಂಡಿಷ್ ಎಂಬ ಸಿರಿವಂತ ಏಕಾಂಗಿ ಗೋಳದೊಳಗೆ ಗೋಳವಿಟ್ಟು ಇದನ್ನೇ ಬಹು ಸೂಕ್ಷ್ಮವಾಗಿ ಅಳೆದಿದ್ದ. ಆದರೆ ಯಾರಿಗೂ ಹೇಳದೆ ಕಾಗದಗಳನ್ನು ಹಾಗೇ ಇಟ್ಟುಬಿಟ್ಟ, ಅವು ಅಚ್ಚಾದದ್ದು 1879ರಲ್ಲಿ. ಕಲಿತದ್ದನ್ನು ಬಚ್ಚಿಟ್ಟರೆ ಆಗುವ ನಷ್ಟಕ್ಕೆ ನಾನು ತರಗತಿಯಲ್ಲಿ ಇದನ್ನೇ ಉದಾಹರಣೆ ಕೊಡುತ್ತಿದ್ದೆ.

ಗಣಿತ ಬಲ್ಲವನಾಗಿದ್ದರೆ ಫ್ಯಾರಡೆ ಲೆಕ್ಕ ಹಾಕುತ್ತಿದ್ದನೇನೋ. ಅವನಿಗೆ ಅದು ಬಾರದು. ಹಾಗಾಗಿ ಒಳಗೆ ಏನಿದೆ ಎಂದು ತಿಳಿಯಲು ಒಳಕ್ಕೇ ಹೋದ.

1836ರ ಜನವರಿಯಲ್ಲಿ ಸಂಸ್ಥೆಯ ಉಪನ್ಯಾಸ ಮಂದಿರದಲ್ಲಿ ಒಂದು ಪೆಟ್ಟಿಗೆ ಕಟ್ಟಿಸಿದ. ಪೆಟ್ಟಿಗೆ ಎಂದರೆ ಸಣ್ಣದಲ್ಲ, ಉದ್ದ, ಅಗಲ, ಎತ್ತರ ಎಲ್ಲವೂ 12 ಅಡಿ. ನಮ್ಮೂರ ಮನೆಯ ಒಂದು ಒಳ್ಳೆಯ ಕೋಣೆಯಷ್ಟು. ಹಗುರವಾದ ಮರದ ಚೌಕಟ್ಟು, ಅದರ ಮೇಲೆ ಅಡ್ಡಡ್ಡ ಉದ್ದುದ್ದ ತಾಮ್ರದ ತಂತಿಯ ಬಲೆ, ಅದರ ಮೇಲೆ ಕಾಗದ, ಕಾಗದದ ಮೇಲೆ ಎಲ್ಲ ಕಡೆಗೂ ತವರದ ತೆಳುಹಾಳೆಯ ಪಟ್ಟಿಗಳು. ಒಟ್ಟಿನಲ್ಲಿ ಸುತ್ತಲೂ ಲೋಹದ ಹೊದಿಕೆ. ನೆಲಕ್ಕೆ ಆವೇಶ ಇಳಿದು ಹೋಗದಂತೆ ಇಡೀ ಕೋಣೆಯನ್ನು ಅವಾಹಕಗಳ ಮೇಲೆ ನಿಲ್ಲಿಸಿದ್ದ. ಗೋಡೆಯಲ್ಲಿ ಒಂದು ಉದ್ದನೆಯ ಗಾಜಿನ ಕೊಳವೆ ತೂರಿಸಿ, ಅದರೊಳಗಿಂದ ತಂತಿ ಎಳೆದು, ದೊಡ್ಡ ವಿದ್ಯುತ್ ಯಂತ್ರದಿಂದ ಒಳಗಿನ ಗಾಳಿಗೆ ಒಂದೇ ಬಗೆಯ ಆವೇಶ ತುಂಬಲು ಮೊದಲು ಯತ್ನಿಸಿದ. ಆಗಲಿಲ್ಲ. ಒಳಗೆ ಕೊಟ್ಟದ್ದಕ್ಕೆ ಪ್ರತಿಯಾಗಿ ಕೋಣೆಯ ಹೊರಮೈ ಆವೇಶಗೊಳ್ಳುತ್ತಿತ್ತು.

ಬಳಿಕ ಕೋಣೆಗೇ ಬಲವಾಗಿ ಆವೇಶ ಕೊಡಲು ಹೇಳಿ ತಾನು ಒಳಗೆ ಹೋಗಿ ಕುಳಿತ. ಹೊರಗೆ ಯಂತ್ರ ತಿರುಗುತ್ತಿದೆ. ಕೋಣೆಯ ಮೈಯಿಂದ ಎಲ್ಲ ಕಡೆಯೂ ದೊಡ್ಡ ದೊಡ್ಡ ಕಿಡಿಗಳು ಸಿಡಿಯುತ್ತಿವೆ, ಕುಂಚದಂತೆ ಬೆಳಕು ಚಿಮ್ಮುತ್ತಿದೆ. ನಲವತ್ತನಾಲ್ಕು ವರ್ಷದ ಮನುಷ್ಯ ಒಳಗೆ ಉರಿಯುವ ಮೇಣದ ಬತ್ತಿಗಳನ್ನು, ನವುರಾದ ವಿದ್ಯುನ್ಮಾಪಕಗಳನ್ನು ಹಿಡಿದುಕೊಂಡು ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿದ್ದಾನೆ. ಬತ್ತಿಯ ಜ್ವಾಲೆ ಯಾವ ಕಡೆಗೂ ವಾಲಲಿಲ್ಲ. ಮಾಪಕಗಳು ಅಲುಗಲಿಲ್ಲ. ಹೊರಗೆ ಅಷ್ಟೆಲ್ಲ ಅಬ್ಬರ, ಒಳಗೆ ಏನೂ ಇಲ್ಲ.

ಇದು ಏಕೆ ಹೀಗೆ ಎಂದು ಮಕ್ಕಳಿಗೆ ನಾನು ಹೇಳುತ್ತಿದ್ದ ಬಗೆ ಇದು. ವಾಹಕದಲ್ಲಿ ಆವೇಶಕ್ಕೆ ಓಡಾಡುವ ಸ್ವಾತಂತ್ರ್ಯವಿದೆ. ಸಜಾತಿ ಆವೇಶಗಳು ಒಂದನ್ನೊಂದು ದೂಡುತ್ತವೆ. ಲೋಹದ ಒಳಗೆ ಒಂದಿಷ್ಟೇ ತಳ್ಳುವ ಬಲ ಉಳಿದಿದ್ದರೂ ಆವೇಶ ಸರಿಯುತ್ತಲೇ ಇರುತ್ತದೆ. ತಳ್ಳುವ ಬಲ ಎಲ್ಲಿಯೂ ಉಳಿಯದಂತೆ ಹೊರಮೈಯಲ್ಲಿ ಹರಡಿಕೊಂಡಾಗ ಮಾತ್ರ ಅದು ನಿಲ್ಲುತ್ತದೆ. ಅಂದಮೇಲೆ ಎಲ್ಲವೂ ನಿಂತಿದೆ ಎಂದರೆ ಒಳಗೆ ವಿದ್ಯುತ್ ಕ್ಷೇತ್ರ ಇಲ್ಲವೆಂದೇ ಅರ್ಥ. ಮದುವೆ ಮನೆಯಲ್ಲಿ ಒಬ್ಬರನ್ನೊಬ್ಬರು ಸಹಿಸದ ನೆಂಟರು ಅಂಗಳದ ಗೋಡೆಗೇ ಒರಗಿ, ನಡುವಿನ ಜಾಗ ಖಾಲಿ ಬಿಡುತ್ತಾರಲ್ಲ, ಹಾಗೆ ಎಂದರೆ ಮಕ್ಕಳು ನಗುತ್ತಿದ್ದರು, ಮರೆಯುತ್ತಿರಲಿಲ್ಲ.

ಫ್ಯಾರಡೆ ಇದನ್ನೇ ಚಿಟ್ಟೆ ಹಿಡಿಯುವ ಬಲೆಯಂಥ ಚೀಲದಿಂದಲೂ ತೋರಿಸಿದ. ಶಂಕುವಿನಾಕಾರದ ಬಟ್ಟೆಯ ಚೀಲ, ತುದಿಗೆ ಒಳಗೂ ಹೊರಗೂ ಎಳೆಯಲು ಬರುವಂತೆ ರೇಷ್ಮೆ ದಾರ. ಆವೇಶ ಕೊಟ್ಟರೆ ಅದು ಹೊರಮೈಯಲ್ಲಿ ಮಾತ್ರ. ದಾರ ಎಳೆದು ಚೀಲದ ಒಳಮಗ್ಗುಲನ್ನು ಹೊರಗೆ ಮಾಡಿದರೆ ಆವೇಶ ಮತ್ತೆ ಹೊರಗೆ ಬಂದಿರುತ್ತದೆ. ಒಳಗು ಯಾವುದು, ಹೊರಗು ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು 1843ರ ಪ್ರಯೋಗ. ಮಂಜುಗಡ್ಡೆ ಇಡುವ ಲೋಹದ ಪಾತ್ರೆ, 10.5 ಅಂಗುಲ ಎತ್ತರ, 7 ಅಂಗುಲ ಅಗಲ. ಅದನ್ನು ಅವಾಹಕದ ಮೇಲಿಟ್ಟು, ಹೊರಮೈಯಿಂದ ಒಂದು ತಂತಿಯನ್ನು ಚಿನ್ನದ ರೇಕಿನ ವಿದ್ಯುದ್ದರ್ಶಕಕ್ಕೆ ಜೋಡಿಸಿದ. ಆವೇಶ ಕೊಟ್ಟ ಹಿತ್ತಾಳೆ ಗುಂಡನ್ನು ಉದ್ದನೆಯ ಒಣ ರೇಷ್ಮೆ ದಾರದಲ್ಲಿ ಇಳಿಬಿಟ್ಟ. ಗುಂಡು ಒಳಗಿಳಿದಂತೆ ರೇಕುಗಳು ಅಗಲವಾದವು. ಸಾಕಷ್ಟು ಆಳಕ್ಕೆ ಹೋದ ಮೇಲೆ ಅತ್ತಿತ್ತ ಆಡಿಸಿದರೂ ರೇಕು ಅಲುಗಲಿಲ್ಲ. ಗುಂಡನ್ನು ತಳಕ್ಕೆ ತಾಗಿಸಿದ, ಆಗಲೂ ಅಲುಗಲಿಲ್ಲ. ಹೊರಗೆ ತೆಗೆದು ನೋಡಿದರೆ ಗುಂಡಿನಲ್ಲಿ ಆವೇಶವೇ ಇಲ್ಲ! ಗುಂಡಿನಲ್ಲಿ ಧನ ಎಷ್ಟಿತ್ತೋ ಪಾತ್ರೆಯ ಒಳಗೋಡೆಗೆ ಅಷ್ಟೇ ಋಣ ಸೆಳೆದು ಬಂದಿತ್ತು, ಹೊರಗೋಡೆಗೆ ಅಷ್ಟೇ ಧನ ಸರಿದಿತ್ತು. ತಾಗಿಸಿದಾಗ ಗುಂಡಿನದೂ ಒಳಗೋಡೆಯದೂ ಸರಿಗೆ ಸರಿ ವಜಾ ಆಯಿತು, ಹೊರಗಿನದು ಹೊರಗೇ ಉಳಿಯಿತು. ಶ್ಯಾನುಭೋಗರ ಜಮಾ ಖರ್ಚಿನಲ್ಲಿ ಒಂದು ಕಾಸು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂದು ಸೂತ್ರವಿಲ್ಲದೆ, ಒಂದು ಬಕೆಟ್ಟು ಒಂದು ದಾರದಿಂದ ಇಷ್ಟು ನಿಖರವಾದ ಸತ್ಯ ಹೊರಟದ್ದು ಇವತ್ತಿಗೂ ನನಗೆ ಬೆರಗು. ನಾನು ಇದನ್ನು ಅಲ್ಯೂಮಿನಿಯಂ ಡಬ್ಬವನ್ನು ಮೇಣದ ಅಚ್ಚಿನ ಮೇಲಿಟ್ಟು ಮಾಡಿ ತೋರಿಸುತ್ತಿದ್ದೆ. ಮಾಗಿಯ ಒಣಹವೆಯಲ್ಲಿ ಚೆನ್ನಾಗಿ ಬರುತ್ತದೆ. ಮಳೆಗಾಲದಲ್ಲಿ ಯಾರೂ ಕೈಹಾಕಬಾರದು, ತೇವದ ಮೇಲೆ ಆವೇಶ ಜಾರಿಹೋಗುತ್ತದೆ. ಈಗಿನ ವಿಜ್ಞಾನ ಶಿಕ್ಷಕರಿಗೆ ಇದೊಂದು ಕಿವಿಮಾತು.

ಊರಿನವರೂ ಇದನ್ನು ಓದುತ್ತಾರೆಂದು ಇಲ್ಲಿ ಒಂದು ಮಾತು. ಮುಂಗಾರಿಗೆ ಮೊದಲು ಗುಡುಗು ಸಿಡಿಲು ಜೋರಾಗಿರುವ ದಿನಗಳಲ್ಲೇ ನಮಗೆ ಹೊಲದ ಕೆಲಸ. ಬಸ್ಸು ಕಾರುಗಳೊಳಗೆ ಸಿಡಿಲಿನಿಂದ ರಕ್ಷಣೆ ಇರುವುದು ಟೈರಿನ ರಬ್ಬರಿನಿಂದ ಎಂದು ನಂಬಿದವರು ಬಹಳ. ಮೋಡದಿಂದ ನೆಲದವರೆಗೆ ಗಾಳಿಯನ್ನೇ ಸೀಳಿ ಬಂದ ಸಿಡಿಲಿಗೆ ಒಂದು ಗೇಣು ರಬ್ಬರು ಯಾವ ಲೆಕ್ಕ? ಕಾಯುವುದು ಸುತ್ತಲೂ ಮುಚ್ಚಿದ ಲೋಹದ ಮೈ. ಫ್ಯಾರಡೆಯ ಕೋಣೆಯಂತೆ ಅದು ಸಿಡಿಲನ್ನು ಹೊರಮೈಯ ಮೇಲೇ ಹರಿಸಿ ನೆಲಕ್ಕೆ ಕಳಿಸುತ್ತದೆ. ಗಾಜು ಏರಿಸಿ, ಲೋಹದ ಭಾಗ ಮುಟ್ಟದೆ ಕುಳಿತರಾಯಿತು. ಆದರೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದೆಸಿದ ಗುಡಿಸಲು ಪಂಜರವಲ್ಲ, ಅದಕ್ಕೆ ಗೋಡೆಯಿಲ್ಲ. ಮೋಟರ್ ಸೈಕಲ್ಲೂ ಅಲ್ಲ, ಟ್ರ್ಯಾಕ್ಟರಿನ ಬಯಲು ಸೀಟೂ ಅಲ್ಲ. ಒಂಟಿ ಮರದ ಬುಡವಂತೂ ಬೇಡವೇ ಬೇಡ.

ಟಿ.ವಿ. ಕೇಬಲ್ಲಿನ ಹೊರಸಿಪ್ಪೆ ಸುಲಿದರೆ ಒಳಗೆ ಹೆಣೆದ ತಂತಿಯ ಜಾಲರಿ ಕಾಣುತ್ತದೆ, ಅದೂ ಇದೇ ವಂಶದ್ದು. ಹರಿಯುವ ವಿದ್ಯುತ್ತನ್ನು ನಿಲ್ಲಿಸದೆ ಹೈಟೆನ್ಷನ್ ತಂತಿಯ ದುರಸ್ತಿ ಮಾಡುವವರು ತೊಡುವ ಲೋಹದ ಎಳೆಯ ಉಡುಪೂ ಅದೇ. ಆ ಕೆಲಸಗಾರರು ದಿನವೂ ಫ್ಯಾರಡೆಯ ಕೋಣೆಯನ್ನು ಮೈಮೇಲೆ ಹಾಕಿಕೊಂಡು ಕಂಬ ಏರುತ್ತಾರೆ.

ಈ ಪ್ರಯೋಗಗಳಿಂದ ಫ್ಯಾರಡೆ ಪಡೆದ ತೀರ್ಮಾನ ಅವನ ಕಾಲದವರಿಗೆ ರುಚಿಸಲಿಲ್ಲ. ಆವೇಶ ಒಂದು ವಸ್ತುವಿನ ಒಳಗಿನ ಸ್ವಂತ ಸೊತ್ತಲ್ಲ, ಧನದಿಂದ ಹೊರಟು ಋಣದಲ್ಲಿ ಮುಗಿಯುವ ಬಲರೇಖೆಗಳ ಒಂದು ತುದಿ ಎಂದು ಅವನು ನೋಡಿದ. ಎರಡು ವಸ್ತುಗಳ ನಡುವಿನ ಖಾಲಿ ಜಾಗದಲ್ಲೇ ನಿಜವಾದ ವ್ಯವಹಾರ ನಡೆದಿದೆ ಎಂದ. ದೊಡ್ಡ ಗಣಿತಜ್ಞರಿಗೆ ದೂರದಿಂದ ದೂರಕ್ಕೆ ಎಳೆಯುವ ಬಲದ ಸೂತ್ರ ಸಾಕಾಗಿತ್ತು, ಲೆಕ್ಕವೂ ಸರಿಬರುತ್ತಿತ್ತು. ಸಮೀಕರಣ ಬರೆಯಲು ಬಾರದ ರಟ್ಟು ಕಟ್ಟುವವ ಗೆರೆಗಳ ಚಿತ್ರ ತೋರಿಸಿದರೆ ಎಷ್ಟು ಜನ ಕಿವಿಗೊಟ್ಟಾರು? ಅದರ ಮೇಲೆ 1839ರ ಸುಮಾರಿಗೆ ಆರೋಗ್ಯವೂ ಕೆಟ್ಟಿತು. ತಲೆಸುತ್ತು, ಮರೆವು. ಕೆಲವು ವರ್ಷ ಸಂಶೋಧನೆ ಬಹುಪಾಲು ನಿಂತೇ ಹೋಯಿತು. ಮರೆವಿಗೆ ಅವನ ಮದ್ದು ದಿನಚರಿ. ಪ್ರತಿ ಪ್ರಯೋಗಕ್ಕೂ ಅಂಕಿ ಹಾಕಿ ಬರೆದಿಟ್ಟ ಕಂಡಿಕೆಗಳು ಕೊನೆಗೆ 16,000 ಮೀರಿದವು.

ಗೆರೆಗಳಿಗೆ ಕಿವಿಗೊಟ್ಟವನು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಇಪ್ಪತ್ತನಾಲ್ಕರ ಹರೆಯದಲ್ಲಿ, 1855ರ ಕೊನೆಗೆ, ಫ್ಯಾರಡೆಯ ಬಲರೇಖೆಗಳನ್ನು ಗಣಿತದ ಭಾಷೆಗೆ ತರುವ ಪ್ರಬಂಧ ಓದತೊಡಗಿದ. ಫ್ಯಾರಡೆ ಬರವಣಿಗೆಯಲ್ಲಿ ಸೂತ್ರವಿಲ್ಲದಿದ್ದರೂ ಯೋಚನೆಯ ಕ್ರಮ ಗಣಿತಜ್ಞನದೇ ಎಂದು ಅವನು ಗುರುತಿಸಿದ. 1857ರಲ್ಲಿ ಅರವತ್ತಾರರ ಫ್ಯಾರಡೆ ಆ ಹುಡುಗನಿಗೆ ಪತ್ರ ಬರೆದು, ಗಣಿತಜ್ಞರು ತಾವು ಕಂಡ ಫಲವನ್ನು ನಮ್ಮಂಥ ಪ್ರಯೋಗದವರಿಗೆ ತಿಳಿಯುವ ಸಾದಾ ಮಾತಿನಲ್ಲೂ ಬರೆಯಬಾರದೇ ಎಂದು ಕೇಳಿದ. ಮ್ಯಾಕ್ಸ್‌ವೆಲ್ ಮುಂದೆ ಕಟ್ಟಿದ ವಿದ್ಯುತ್ಕಾಂತೀಯ ಸಿದ್ಧಾಂತದಿಂದ ರೇಡಿಯೋ ಬಂತು, ಇವತ್ತು ಕೈಯಲ್ಲಿರುವ ಮೊಬೈಲೂ ಬಂತು.

ಫ್ಯಾರಡೆಗೆ ಗಣಿತ ಬರುತ್ತಿರಲಿಲ್ಲ, ಆದ್ದರಿಂದ ನಮಗೂ ಬೇಡ ಎಂದು ಹೇಳಿದ ವಿದ್ಯಾರ್ಥಿಗಳು ನನಗೆ ಪ್ರತಿ ವರ್ಷ ಇಬ್ಬರು ಮೂವರಾದರೂ ಸಿಕ್ಕಿದ್ದಾರೆ. ಅವರಿಗೆ ನನ್ನ ಉತ್ತರ ಒಂದೇ. ಮ್ಯಾಕ್ಸ್‌ವೆಲ್ ಇಲ್ಲದಿದ್ದರೆ ಆ ಗೆರೆಗಳು ಚಿತ್ರವಾಗಿಯೇ ಉಳಿಯುತ್ತಿದ್ದವು. ಆದರೆ ಗಣಿತದಲ್ಲಿ ಹಿಂದೆ ಬಿದ್ದ ಮಗುವನ್ನು ವಿಜ್ಞಾನಕ್ಕೆ ನಾಲಾಯಕ್ ಎಂದು ಪಕ್ಕಕ್ಕೆ ಕೂರಿಸುವ ಶಿಕ್ಷಕರನ್ನೂ ನಾನು ಕಂಡಿದ್ದೇನೆ. ಅವರ ತರಗತಿಗೆ ಕಮ್ಮಾರನ ಮಗ ಮೈಕೆಲ್ ಬಂದಿದ್ದರೆ ಕೊನೆಯ ಬೆಂಚಿನಲ್ಲೇ ಇರುತ್ತಿದ್ದ.

ಮಕ್ಕಳೆಂದರೆ ಅವನಿಗೆ ಪ್ರೀತಿ, ಸ್ವಂತ ಮಕ್ಕಳಿರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಕಿರಿಯರಿಗಾಗಿ ಉಪನ್ಯಾಸಮಾಲೆ ನಡೆಸುವ ಪದ್ಧತಿ ಅವನ ಸಂಸ್ಥೆಯಲ್ಲಿ ಶುರುವಾಯಿತು, ಹತ್ತೊಂಬತ್ತು ಸಲ ತಾನೇ ನಡೆಸಿಕೊಟ್ಟ. ಒಂದು ಮೇಣದ ಬತ್ತಿ ಇಟ್ಟುಕೊಂಡು ರಸಾಯನಶಾಸ್ತ್ರವನ್ನೆಲ್ಲ ಹೇಳಿದ ಉಪನ್ಯಾಸಗಳು ಪುಸ್ತಕವಾಗಿ ಇಂದಿಗೂ ಸಿಗುತ್ತವೆ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಎರಡು ಸಲ ಬಾಗಿಲಿಗೆ ಬಂದಾಗ ಒಲ್ಲೆ ಎಂದ. ಕಟ್ಟಕಡೆಗೂ ಬರಿಯ ಫ್ಯಾರಡೆಯಾಗಿಯೇ ಇರುವುದು ಅವನಿಗೆ ಇಷ್ಟವಾಗಿತ್ತು.

1858ರಲ್ಲಿ ರಾಣಿಯ ಕಡೆಯಿಂದ ಹ್ಯಾಂಪ್ಟನ್ ಕೋರ್ಟಿನಲ್ಲಿ ವಾಸಕ್ಕೆ ಒಂದು ಮನೆ ದೊರೆಯಿತು. ನೆನಪು ದಿನದಿನಕ್ಕೆ ಕರಗುತ್ತಿತ್ತು, ಸಾರಾ ಜೊತೆಗಿದ್ದಳು. 1867ರ ಆಗಸ್ಟ್ 25ರಂದು ಆ ಮನೆಯಲ್ಲಿ ತೀರಿಕೊಂಡ. ದೇಶದ ದೊಡ್ಡವರನ್ನು ಮಣ್ಣು ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ತನಗೆ ಜಾಗ ಬೇಡವೆಂದು ಮೊದಲೇ ತಿಳಿಸಿದ್ದ. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಸತ್ತ ದಿನ ಕೆತ್ತಿದ್ದಾರೆ.